ಏಳನೆಯ ಸುತ್ತು

ಜನವರಿ 11

ಮಾನ್ಯ ಪ್ರೊಫೆಸರ್ ಸಾಹೇಬರಿಗೆ ನಮಸ್ಕಾರ.

ನೀವು ನನ್ನನ್ನು ಕಂಡವರಲ್ಲ. ವಿಜ್ಞಾನ ಸಂಸ್ಥೆಯವರು ನಿಮ್ಮ ಹೆಸರಿನಲ್ಲಿ ಕಟ್ಟಿಸುತ್ತಿರುವ ದುಂಡನೆಯ ಸಭಾಂಗಣಕ್ಕೆ ನೆಲ ಹಾಕುತ್ತಿರುವ ಮೇಸ್ತ್ರಿ ನಾನು. ಹೆಂಗಸು ಮೇಸ್ತ್ರಿಯೇ ಎಂದು ಹುಬ್ಬೇರಿಸಬೇಡಿ. ಏರಿಸುವವರೆಲ್ಲ ಏರಿಸಿ, ಇಳಿಸಿ ಇಪ್ಪತ್ತಾರು ವರ್ಷವಾಯಿತು. ಕೆಲಸದವರು ನನ್ನನ್ನು ರಸಮಟ್ಟ ಎನ್ನುತ್ತಾರೆ. ಗಾಜಿನ ನಳಿಗೆಯಲ್ಲಿ ಗುಳ್ಳೆ ತೇಲಿಸಿ ನೆಲದ ಮಟ್ಟ ನೋಡುತ್ತೇವಲ್ಲ, ಅದು. ನನ್ನ ಮುಂದೆ ಯಾರೂ ಒಂದು ನೂಲಿನಷ್ಟು ಅತ್ತಿತ್ತ ಹೋಗುವ ಹಾಗಿಲ್ಲ ಎಂಬ ಸಿಟ್ಟಿಗೆ ಇಟ್ಟ ಹೆಸರು. ನನಗೇನೂ ಬೇಸರವಿಲ್ಲ.

ನಿಮಗೆ ಕಿವಿ ಮಂದ, ಫೋನು ಮಾಡಿ ಪ್ರಯೋಜನವಿಲ್ಲ, ಏನಿದ್ದರೂ ಬರೆದು ಕೇಳು ಎಂದು ಎಂಜಿನಿಯರ್ ವಿಳಾಸ ಕೊಟ್ಟರು.

ವಿಷಯ ಇಷ್ಟು. ನಿಮ್ಮ ನಕ್ಷೆಯಲ್ಲಿ ಎರಡೇ ಆಕಾರಗಳಿವೆ. ನೀವು ಅವಕ್ಕೆ ‘ಅ’ ಮತ್ತು ‘ಆ’ ಎಂದು ಹೆಸರಿಟ್ಟಿದ್ದೀರಿ. ನಾವು ಬೂದು ಕಲ್ಲಿನದನ್ನು ಕೊಡಲಿ ಎನ್ನುತ್ತೇವೆ, ಕೆಂಪು ಕಲ್ಲಿನದನ್ನು ಮೀನು ಎನ್ನುತ್ತೇವೆ. ಒಂದರ ಅಂಚಿನ ಹಲ್ಲು ಇನ್ನೊಂದರ ಬಾಯಿಗೆ ಕೂರಬೇಕು. ನಡುವೆ ಒಂದು ಮೀನು, ಅದನ್ನು ಬಳಸಿ ಒಂದು ಸುತ್ತು, ಆ ಸುತ್ತನ್ನು ಬಳಸಿ ಮತ್ತೊಂದು. ಗೋಡೆ ಮುಟ್ಟಲು ಹನ್ನೊಂದು ಸುತ್ತು ಬೇಕು. ಇಷ್ಟು ಚಂದದ ನೆಲವನ್ನು ನಾನು ಹಿಂದೆಂದೂ ಹಾಕಿಲ್ಲ. ಬಾಗಿಲಲ್ಲಿ ನಿಂತರೆ ಹೂವು ಬಿರಿದ ಹಾಗೆ ಕಾಣುತ್ತದೆ, ಕಿಟಕಿಯಿಂದ ನೋಡಿದರೆ ನೀರಲ್ಲಿ ಮೀನು ಹೊರಳಿದ ಹಾಗೆ. ಆರು ಸುತ್ತು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೂತವು.

ಏಳನೆಯದು ಕೂರುತ್ತಿಲ್ಲ. ಪೂರ್ತಿ ಬಳಸಿ ಬಂದ ಮೇಲೆ ಕೊನೆಗೊಂದು ಖಾಲಿ ಜಾಗ ಉಳಿಯುತ್ತದೆ. ಅದಕ್ಕೆ ಕೊಡಲಿಯೂ ಹಿಡಿಯುವುದಿಲ್ಲ, ಮೀನೂ ಹಿಡಿಯುವುದಿಲ್ಲ. ನಕ್ಷೆಯಲ್ಲಿ ಐದೇ ಸುತ್ತು ಬರೆದು, ಕೆಳಗೆ ‘ಹೀಗೆಯೇ ಮುಂದುವರಿಸುವುದು’ ಎಂದಿದೆ. ಹೇಗೆ ಮುಂದುವರಿಸಬೇಕೆಂದು ದಯವಿಟ್ಟು ತಿಳಿಸಿ.

ಇಂತಿ,
ನೆಲದ ಮೇಸ್ತ್ರಿ


ಜನವರಿ 19

ಮೇಸ್ತ್ರಿಯವರಿಗೆ,

ಪತ್ರ ತಲುಪಿತು. ಕೆಲಸದಲ್ಲಿ ನಿಮಗಿರುವ ಶ್ರದ್ಧೆ ಮೆಚ್ಚತಕ್ಕದ್ದು. ಆದರೆ ಆತಂಕಕ್ಕೆ ಕಾರಣವಿಲ್ಲ.

ಈ ವಿನ್ಯಾಸ ಬರಿಯ ಅಲಂಕಾರವಲ್ಲ. ಹರಳುಗಳ ಒಳಗೆ ಪರಮಾಣುಗಳು ಹೇಗೆ ಸಾಲುಗೂಡಿ ಕೂರುತ್ತವೆ ಎಂದು ಅಭ್ಯಾಸ ಮಾಡುತ್ತಿದ್ದಾಗ ನನಗೆ ಹೊಳೆದದ್ದು. ಈ ಎರಡು ಆಕಾರಗಳಿಂದ ಎಷ್ಟು ದೊಡ್ಡ ನೆಲವನ್ನಾದರೂ, ಕೊನೆಯೇ ಇಲ್ಲದ ನೆಲವನ್ನೂ ಸಾಸಿವೆಯಷ್ಟು ಸಂದು ಬಿಡದೆ ತುಂಬಬಹುದೆಂದು ಮೂವತ್ತೊಂದು ವರ್ಷಗಳ ಹಿಂದೆಯೇ ಸಾಧಿಸಿ ತೋರಿಸಿದ್ದೇನೆ. ಇಂಥದೊಂದು ಹರಳು ಪ್ರಕೃತಿಯಲ್ಲಿ ಎಲ್ಲೋ ಇರಲೇಬೇಕು ಎಂಬುದು ನನ್ನ ವಾದ. ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಸಂಗತಿ ಇದು. ಆದ್ದರಿಂದ ಏಳನೆಯ ಸುತ್ತು ಕೂರುವುದೋ ಇಲ್ಲವೋ ಎಂಬ ಪ್ರಶ್ನೆ ಏಳುವುದಿಲ್ಲ. ಕೂರುತ್ತದೆ.

ಕತ್ತರಿಸುವಾಗ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಸುತ್ತು ಬೆಳೆದಂತೆ ಅದೂ ಬೆಳೆಯುತ್ತದೆ. ಅಳತೆ ಪರೀಕ್ಷಿಸಿ. ಮೇ ತಿಂಗಳ ಉದ್ಘಾಟನೆಗೆ ನಾನು ಬರುವವನಿದ್ದೇನೆ. ನಿಮ್ಮ ಕೆಲಸವನ್ನು ಆಗ ಕಣ್ಣಾರೆ ನೋಡುತ್ತೇನೆ.

ನಿವೃತ್ತ ಪ್ರಾಧ್ಯಾಪಕ


ಜನವರಿ 27

ಪ್ರೊಫೆಸರ್ ಸಾಹೇಬರಿಗೆ ನಮಸ್ಕಾರ.

ನೀವು ಹೇಳಿದ ಹಾಗೆ ಅಳೆದೆ. ಕಲ್ಲು ಕತ್ತರಿಸುವವನು ನನ್ನ ಮೈದುನ. ಮಾತಿನಲ್ಲಿ ಅವನಷ್ಟು ಸುಳ್ಳ ಇನ್ನೊಬ್ಬನಿಲ್ಲ, ಕೈಯಲ್ಲಿ ಅವನಷ್ಟು ಸತ್ಯವಂತ ಇನ್ನೊಬ್ಬನಿಲ್ಲ. ತಗಡಿನ ಅಚ್ಚಿನ ಮೇಲೆ ಒಂದೊಂದನ್ನೂ ಇಟ್ಟು ನೋಡಿದೆವು. ನಂಬಿಕೆ ಬರಲಿ ಎಂದು ಒಂದು ಕೊಡಲಿ, ಒಂದು ಮೀನನ್ನು ಪಾರ್ಸೆಲ್ ಮಾಡಿದ್ದೇನೆ. ನೀವೇ ಅಳೆದುಕೊಳ್ಳಿ.

ಇನ್ನೊಂದು ಮಾತು. ಏಳನೆಯ ಸುತ್ತನ್ನು ಮೂರು ಸಲ ಎಬ್ಬಿಸಿ ಮೂರು ಸಲ ಹಾಕಿದೆ. ಒಮ್ಮೆ ಬಾಗಿಲ ಕಡೆಯಿಂದ ಶುರು ಮಾಡಿದೆ, ಒಮ್ಮೆ ಕಿಟಕಿ ಕಡೆಯಿಂದ, ಒಮ್ಮೆ ವೇದಿಕೆ ಕಡೆಯಿಂದ. ಕತ್ತರಿಸಿದ್ದು ತಪ್ಪಾಗಿದ್ದರೆ ಖಾಲಿ ಜಾಗ ಸಲಕ್ಕೊಂದು ರೂಪ ತಾಳಬೇಕಿತ್ತು. ತಪ್ಪು ಅನ್ನುವುದು ಕುಡುಕನ ಹೆಜ್ಜೆ, ಎರಡು ಸಲ ಒಂದೇ ಕಡೆ ಬೀಳುವುದಿಲ್ಲ. ಆದರೆ ಇದು ಮೂರು ಸಲವೂ ಅದೇ ಆಕಾರ, ಅದೇ ಅಳತೆ.

ನಿನ್ನೆ ಎಂಜಿನಿಯರ್ ಬಂದರು. “ಏನಮ್ಮಾ, ಒಂದು ಸಂದಿಗೆ ಇಷ್ಟೊಂದು ರಾದ್ಧಾಂತ? ಗ್ರೈಂಡರ್ ಹಿಡಿದು ನಾಲ್ಕು ಅಂಚು ತೇಯಿಸು, ಸಂದಿಗೆ ಅದೇ ಬಣ್ಣದ ಪುಡಿ ತುಂಬು. ಯಾರು ಬಗ್ಗಿ ನೋಡ್ತಾರೆ?”

“ನಾನು ನೋಡ್ತೀನಿ ಸಾರ್,” ಅಂದೆ.

ತೇಯಿಸುವುದು ನನಗೆ ಬರುವುದಿಲ್ಲ ಅಂತಲ್ಲ. ಅಡುಗೆಮನೆ ಮೂಲೆಯಲ್ಲಿ, ಬಚ್ಚಲ ತೂಬಿನ ಹತ್ತಿರ ಎಷ್ಟೋ ತೇಯಿಸಿದ್ದೇನೆ. ಆದರೆ ಇಲ್ಲಿ ತೇಯಿಸಿದರೆ ಅದು ನೆಲ ಹಾಕಿದ ಹಾಗಲ್ಲ, ಸುಳ್ಳು ಹೇಳಿದ ಹಾಗೆ. ನಿಮ್ಮ ಸಾಧನೆಯ ಆ ಕಾಗದದಲ್ಲಿ ಏಳನೆಯ ಸುತ್ತಿನ ಚಿತ್ರ ಇದ್ದರೆ ಕಳಿಸಿ. ಅದನ್ನು ನೋಡಿ ಹಾಕುತ್ತೇನೆ.

ರಸಮಟ್ಟ


ಫೆಬ್ರವರಿ 4

ಮೇಸ್ತ್ರಿಯವರಿಗೆ,

ಬಿಲ್ಲೆಗಳು ತಲುಪಿದವು.

ಸಿದ್ಧವಾದ ಪ್ರಮೇಯವೊಂದಕ್ಕೆ ಪ್ರತಿ ಸುತ್ತಿನ ಚಿತ್ರವೂ ಬೇಕಾಗುವುದಿಲ್ಲ ಎಂಬುದನ್ನು ನಿಮಗೆ ವಿವರಿಸುವುದು ಕಷ್ಟ. ಒಂದು ಮೆಟ್ಟಿಲು ಹತ್ತುವ ಬಗೆ ತಿಳಿದರೆ ಎಲ್ಲ ಮೆಟ್ಟಿಲು ಹತ್ತಿದಂತೆಯೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ನೆನಪಿಸಬೇಕಾಗಿ ಬಂದದ್ದಕ್ಕೆ ವಿಷಾದವಿದೆ. ಜೋಡಿಸುವುದು ನಿಮ್ಮ ಕೆಲಸ, ಯೋಚಿಸುವುದನ್ನು ಆಗಲೇ ಬೇರೆಯವರು ಮಾಡಿದ್ದಾರೆ.

ಈ ವಿಷಯವನ್ನು ಸಂಬಂಧಪಟ್ಟವರೊಡನೆ ಮಾತಾಡುತ್ತೇನೆ. ಇನ್ನು ನನಗೆ ಬರೆಯುವ ಅಗತ್ಯವಿಲ್ಲ.

ನಿವೃತ್ತ ಪ್ರಾಧ್ಯಾಪಕ


ಫೆಬ್ರವರಿ 23

ಪ್ರೊಫೆಸರರಿಗೆ,

ಅಗತ್ಯವಿಲ್ಲ ಎಂದಿರಿ. ನಿಮಗಿಲ್ಲದಿರಬಹುದು, ನನಗಿದೆ.

ಗಾದೆಯನ್ನು ಸರಿಯಾಗಿಯೇ ನೆನಪಿಸಿದಿರಿ. ಆದರೆ ನೆಲ ಡೊಂಕು ಎಂದು ನಾನೆಲ್ಲಿ ಹೇಳಿದೆ? ನೆಲ ನನ್ನದು, ಅದು ನೆಟ್ಟಗಿದೆ. ಕುಣಿತ ನಿಮ್ಮದು.

ಈಗ ನನಗೆ ಸಮಯ ಬೇಕಾದಷ್ಟಿದೆ. ರಟ್ಟಿನಲ್ಲಿ ಮುನ್ನೂರು ಕೊಡಲಿ, ಮುನ್ನೂರು ಮೀನು ಕತ್ತರಿಸಿಕೊಂಡು ನಮ್ಮ ಮನೆಯ ನಡುಮನೆಯಲ್ಲಿ ಹರಡಿದ್ದೇನೆ. ಅತ್ತೆ ಮಂಚದಿಂದ ಇಳಿಯುವಾಗಲೆಲ್ಲ “ಇದೇನೇ ಇದು, ಮನೆ ತುಂಬ ಮೀನು! ಕಾಲಿಡೋಕೆ ಜಾಗ ಇಲ್ಲ, ನಾನೇನು ಕೊಕ್ಕರೇನಾ?” ಎಂದು ಬೈಯುತ್ತಾರೆ. ಬೈಯುತ್ತಲೇ ಒಂದೊಂದು ಸಲ ನಿಂತು ನೋಡುತ್ತಾರೆ. ಮೊನ್ನೆ ಅವರೇ ಒಂದು ಮೀನನ್ನು ಕಾಲ್ಬೆರಳಿನಿಂದ ತಳ್ಳಿ, “ಇಲ್ಲಿಟ್ಟು ನೋಡಿದ್ಯಾ?” ಅಂದರು. ನೋಡಿದ್ದೆ. ಅದೂ ಆಗಿರಲಿಲ್ಲ.

ನಾನು ಮಾಡಿದ್ದು ಇಷ್ಟು. ಹಲ್ಲು, ಬಾಯಿ ಇರುವುದರಿಂದ ಯಾವ ತುಂಡನ್ನೂ ಮನಬಂದ ಹಾಗೆ ಇಡಲು ಬರುವುದಿಲ್ಲ. ಐದನೆಯ ಸುತ್ತಿನವರೆಗೆ ಒಂದೇ ದಾರಿ. ಆರನೆಯದರಲ್ಲಿ ಎರಡು ಕಡೆ ಕವಲೊಡೆಯುತ್ತದೆ. ಏಳನೆಯದರಲ್ಲಿ ಆ ಕವಲುಗಳಿಗೆ ಮತ್ತೆ ಕವಲು. ಎಲ್ಲ ಸೇರಿ ನಲವತ್ತೊಂದು ದಾರಿ. ನಲವತ್ತೆರಡನೆಯದು ಇಲ್ಲ. ಒಂದೊಂದೇ ದಾರಿ ಹಿಡಿದು, ಅದು ಎಲ್ಲಿ ಕಟ್ಟಿಕೊಂಡಿತೋ ಅಲ್ಲಿ ಗುರುತು ಹಾಕಿ, ಹಿಂದಕ್ಕೆ ಬಂದು ಮುಂದಿನದನ್ನು ಹಿಡಿದೆ. ನಲವತ್ತೊಂದೂ ಕಟ್ಟಿಕೊಂಡವು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಚಿತ್ರ ಸಮೇತ ಬರೆದಿದ್ದೇನೆ. ಅದರ ನಕಲು ಇದರೊಂದಿಗಿದೆ.

ಒಂದು ಮೆಟ್ಟಿಲು ಗೊತ್ತಾದರೆ ಎಲ್ಲ ಮೆಟ್ಟಿಲೂ ಗೊತ್ತು ಎಂದಿರಿ. ಕಟ್ಟಡದವರನ್ನು ಕೇಳಿ ನೋಡಿ, ಜನ ಎಡವಿ ಬೀಳುವುದು ಹಾಗೆ ಅಂದುಕೊಂಡಾಗಲೇ.

ರಸಮಟ್ಟ


ಮಾರ್ಚ್ 2

ಮೇಸ್ತ್ರಿಯವರಿಗೆ,

ನಿಮ್ಮ ಹನ್ನೊಂದನೆಯ ದಾರಿ ನೋಡಿ. ನಾಲ್ಕನೆಯ ಚಿತ್ರದಲ್ಲಿ ‘ಅ’ ತುಂಡನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿಯೂ ಇಡಬಹುದು. ನೀವು ಅದನ್ನು ಗಮನಿಸಿಲ್ಲ. ಹೀಗಾಗಿ ನಿಮ್ಮ ಪಟ್ಟಿ ಅಪೂರ್ಣ, ನಿಮ್ಮ ತೀರ್ಮಾನವೂ ನಿಲ್ಲುವುದಿಲ್ಲ.

ನಿವೃತ್ತ ಪ್ರಾಧ್ಯಾಪಕ


ಮಾರ್ಚ್ 10

ಪ್ರೊಫೆಸರರಿಗೆ,

ನೀವು ಹೇಳಿದ್ದು ಸರಿ, ತಪ್ಪು ನನ್ನದೇ. ಹನ್ನೊಂದನೆಯದರಲ್ಲಿ ಕೊಡಲಿಯನ್ನು ತಿರುಗಿಸಿ ಇಡಬಹುದಿತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ತಿರುಗಿಸಿ ಇಟ್ಟೆ. ಮುಂದಕ್ಕೆ ಎರಡೇ ತುಂಡು ಹೋಯಿತು, ಅಲ್ಲಿ ಕಟ್ಟಿಕೊಂಡಿತು. ಈಗ ನಲವತ್ತೆರಡು ದಾರಿ. ತಿದ್ದಿದ ಪುಟ ಇಟ್ಟಿದ್ದೇನೆ. ನೀವು ಒಂದೊಂದೇ ಚಿತ್ರ ನೋಡಿ ಓದಿದ್ದೀರಿ ಎಂದಾಯಿತು. ಓದದೆ ಹನ್ನೊಂದನೆಯದು ಸಿಗುತ್ತಿರಲಿಲ್ಲ. ಅಷ್ಟಕ್ಕೆ ಋಣಿ.

ಇನ್ನು ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಫೆಬ್ರವರಿ ಎಂಟರಿಂದ ನಾನು ಆ ಕೆಲಸದಲ್ಲಿಲ್ಲ. ನೀವು ಸಂಸ್ಥೆಯ ನಿರ್ದೇಶಕರಿಗೆ ಬರೆದ ಪತ್ರವನ್ನು ಎಂಜಿನಿಯರ್ ನನ್ನೆದುರೇ ಓದಿದರು. “ಈ ಹೆಂಗಸಿನಲ್ಲಿ ಹಠ ಹೆಚ್ಚು, ಹಸ್ತಕೌಶಲ ಕಡಿಮೆ, ಕಲ್ಲು ಕತ್ತರಿಸಿದ್ದರಲ್ಲೂ ದೋಷವಿದೆ, ಬೇರೊಬ್ಬ ನುರಿತವನನ್ನು ನೇಮಿಸುವುದು.” ಮೈದುನ ಪಕ್ಕದಲ್ಲೇ ನಿಂತಿದ್ದ. ನನಗೆ ನೋವಾದದ್ದು ಕೆಲಸ ಹೋದದ್ದಕ್ಕಲ್ಲ. ಅವನ ಕೈ ಕೆಟ್ಟದ್ದು ಎಂದು ಅವನೆದುರೇ ಅಂದರಲ್ಲ, ಅದಕ್ಕೆ. ಅಂದಿನಿಂದ ಅವನು ಯಂತ್ರ ಮುಟ್ಟಿಲ್ಲ. ಹಿಂದಿನ ಪತ್ರದಲ್ಲಿ ಇದನ್ನು ಬರೆಯಲಿಲ್ಲ. ಬರೆದಿದ್ದರೆ, ಕೆಲಸ ವಾಪಸು ಕೇಳಲು ಈ ಆಟ ಹೂಡಿದ್ದಾಳೆ ಎಂದುಕೊಳ್ಳುತ್ತಿದ್ದಿರಿ.

ನೀವು ನೇಮಿಸಲು ಹೇಳಿದ ಆ ನುರಿತವನು ನಿನ್ನೆ ನಮ್ಮ ಮನೆಗೆ ಬಂದಿದ್ದ. ಆರಡಿ ಆಳು, ಗಿರಿಜಾ ಮೀಸೆ. ಬಾಗಿಲಲ್ಲಿ ನಿಂತು ಚಪ್ಪಲಿ ಬಿಡಲೋ ಬೇಡವೋ ಎಂದು ಒದ್ದಾಡುತ್ತಿದ್ದ. “ಅಕ್ಕಾ, ಬೈಬೇಡಿ. ಹತ್ತು ದಿನ ಆಯ್ತು, ಅದು ಕೂರ್ತಾ ಇಲ್ಲ. ತೇಯಿಸಿದ್ರೆ ಹಲ್ಲು ಮುರೀತದೆ. ಮೂರು ಕಲ್ಲು ಹಾಳಾದ್ವು. ನಂಗೆ ಹುಚ್ಚು ಹಿಡಿಯೋದೊಂದೇ ಬಾಕಿ.”

ನಡುಮನೆಗೆ ಕರೆದು ತೋರಿಸಿದೆ. ನಲವತ್ತೆರಡೂ ದಾರಿ ನೋಡಿದ. ಮೀಸೆ ಮೇಲೆ ಕೈಯಿಟ್ಟು, “ಹಂಗಾದ್ರೆ ತಪ್ಪು ನಂದಲ್ಲ!” ಅಂದ. ಕಣ್ಣಲ್ಲಿ ನೀರಿತ್ತು. ಇವತ್ತಿನಿಂದ ಅವನೂ ಕೆಲಸ ಬಿಟ್ಟಿದ್ದಾನೆ.

ನನ್ನನ್ನು ತೆಗೆಸಿದಿರಿ. ಇನ್ನೊಬ್ಬನನ್ನು ತರಿಸಿದಿರಿ. ನಾಳೆ ಮೂರನೆಯವನನ್ನು ತರಿಸಿ. ಏಳನೆಯ ಸುತ್ತು ಯಾರ ಮಾತೂ ಕೇಳುವುದಿಲ್ಲ. ನಿಮ್ಮದಂತೂ ಕೇಳುವುದೇ ಇಲ್ಲ.

ರಸಮಟ್ಟ


ಏಪ್ರಿಲ್ 7

ಮೇಸ್ತ್ರಿಗೆ,

ನಾಲ್ಕು ವಾರ ಉತ್ತರಿಸಲಿಲ್ಲ. ಕಾಯಿಲೆ ಎಂದು ಬರೆಯೋಣವೆಂದುಕೊಂಡೆ. ಕಾಯಿಲೆಯೇನೂ ಇರಲಿಲ್ಲ.

ನಿಮ್ಮ ಬಿಲ್ಲೆಗಳು ಬಂದ ದಿನವೇ ಅಳೆದಿದ್ದೆ. ಅವುಗಳಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ನಿಮ್ಮ ಮೈದುನನಷ್ಟು ಕರಾರುವಾಕ್ಕಾಗಿ ಕತ್ತರಿಸುವವರು ನಮ್ಮ ಪ್ರಯೋಗಾಲಯದಲ್ಲೂ ಇರಲಿಲ್ಲ. ಅದು ಗೊತ್ತಿದ್ದೂ ನಿಮಗೆ ‘ತಲುಪಿದವು’ ಎಂದಷ್ಟೇ ಬರೆದೆ. ಗೊತ್ತಿದ್ದೂ ನಿರ್ದೇಶಕರಿಗೆ ಆ ಪತ್ರ ಬರೆದೆ. ಇದನ್ನು ಅವನಿಗೆ ಓದಿ ಹೇಳಿ. ಮುಖ್ಯವಾಗಿ ಅವನಿಗೆ.

ನೋಟ್‌ಬುಕ್ಕಿನಲ್ಲಿ ತಪ್ಪು ಹುಡುಕಲೆಂದೇ ಓದಿದೆ. ಒಂದು ಸಿಕ್ಕಾಗ ಮಗುವಿನ ಹಾಗೆ ಸಂಭ್ರಮಪಟ್ಟೆ. ನೀವು ಅದನ್ನು ತಿದ್ದಿ ಕಳಿಸಿದ ಮೇಲೆ ಮತ್ತೆ ಹುಡುಕಿದೆ, ಸಿಗಲಿಲ್ಲ. ಮಗಳ ಹೊಲಿಗೆಯ ಕತ್ತರಿ ತೆಗೆದುಕೊಂಡು ಊಟದ ಮೇಜಿನ ಮೇಲೆ ನಾನೇ ಕತ್ತರಿಸಿ ಜೋಡಿಸಿದೆ. ಮೂವತ್ತೊಂದು ವರ್ಷದಲ್ಲಿ ನಾನು ಏಳನೆಯ ಸುತ್ತನ್ನು ಕೈಯಿಂದ ಹಾಕಿದ್ದು ಅದೇ ಮೊದಲು. ನಿಮಗೆ ಉಳಿದ ಆಕಾರವೇ ನನಗೂ ಉಳಿಯಿತು.

ಇನ್ನೊಂದಿದೆ. ಆ ಸಾಧನೆಯ ಪ್ರಬಂಧ ಬರೆಯುತ್ತಿದ್ದಾಗ ನನ್ನ ಬಳಿ ಒಬ್ಬ ವಿದ್ಯಾರ್ಥಿನಿ ಇದ್ದಳು. ಹಸ್ತಪ್ರತಿ ಓದಿ ನನ್ನ ಕೋಣೆಗೆ ಬಂದು ಕೇಳಿದಳು: “ಸರ್, ‘ಹೀಗೆಯೇ ಮುಂದುವರಿದರೆ’ ಅಂತ ಬರ್ದಿದೀರಿ. ಹೀಗೆಯೇ ಮುಂದುವರಿಯುತ್ತೆ ಅಂತ ಹೇಗೆ ಗೊತ್ತು?” ಒಂದೇ ಪ್ರಶ್ನೆ. “ಅನುಮಾನ ಪಡುವುದಕ್ಕೂ ಒಂದು ಯೋಗ್ಯತೆ ಬೇಕು” ಎಂದೆ. ಆ ವರ್ಷದ ಕೊನೆಗೆ ಅವಳು ಸಂಶೋಧನೆ ಬಿಟ್ಟುಹೋದಳು. ಅವಳು ಹೋದದ್ದು ಬೇರೆ ಕಾರಣಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅಂಥ ಹರಳು ಪ್ರಕೃತಿಯಲ್ಲಿ ಎಲ್ಲೂ ಸಿಗಲಿಲ್ಲ. ಅದಕ್ಕೂ, ಪ್ರಕೃತಿ ತಡಮಾಡುತ್ತಿದೆ ಎಂದುಕೊಂಡೆ. ನೋಡಿ, ಎಂಥ ಧಿಮಾಕು! ತಪ್ಪಿದ್ದು ಪ್ರಕೃತಿಯಂತೆ, ನಾನಲ್ಲವಂತೆ.

ಪ್ರಬಂಧ ಪ್ರಕಟಿಸಿದ ಪತ್ರಿಕೆಗೆ ಬರೆದಿದ್ದೇನೆ. ನನ್ನ ಸಾಧನೆ ತಪ್ಪು, ಆರು ಸುತ್ತಿನಾಚೆ ಈ ವಿನ್ಯಾಸ ಬೆಳೆಯದು, ಹಾಗೆಂದು ತೋರಿಸಿದವರು ನೆಲದ ಮೇಸ್ತ್ರಿಯೊಬ್ಬರು ಎಂದು ನಿಮ್ಮ ನಿಜವಾದ ಹೆಸರು ಹಾಕಿ, ನೋಟ್‌ಬುಕ್ಕಿನ ನಕಲು ಸೇರಿಸಿ ಕಳಿಸಿದ್ದೇನೆ. ನಿರ್ದೇಶಕರಿಗೂ ತಿಳಿಸಿದ್ದೇನೆ. ಹಳೆಯ ಸಹೋದ್ಯೋಗಿಯೊಬ್ಬರು ಬಂದು, “ಈ ವಯಸ್ಸಲ್ಲಿ ಯಾಕ್ರೀ? ನೀವು ಹೋದ ಮೇಲೆ ಯಾರಾದ್ರೂ ಕಂಡುಹಿಡಿದುಕೊಳ್ಳಲಿ ಬಿಡಿ” ಎಂದರು. ನಾನು ಬದುಕಿರುವಾಗಲೇ ಕಂಡುಹಿಡಿದಾಗಿದೆ ಎಂದೆ.

ಮೇಷ್ಟ್ರು, ಮೇಸ್ತ್ರಿ ಎರಡೂ ಒಂದೇ ಬೇರಿನ ಪದಗಳಂತೆ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಪಾಠ ಕಲಿತವರಿರಬೇಕು. ನಾನು ಮರೆತೆ. ಕ್ಷಮಿಸಿ.

ಮೇಷ್ಟ್ರು


ಏಪ್ರಿಲ್ 14

ಮೇಷ್ಟ್ರಿಗೆ,

ನಿಮ್ಮ ಪತ್ರವನ್ನು ಮೈದುನನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದ. ಆಮೇಲೆ ಎದ್ದು ಹೋಗಿ ಯಂತ್ರದ ಮೇಲಿನ ಗೋಣಿಚೀಲ ತೆಗೆದ. ಅವನ ಪಾಲಿನ ಕ್ಷಮೆ ನಿಮಗೆ ಸಿಕ್ಕಿತು ಎಂದುಕೊಳ್ಳಿ.

ನನ್ನದು ಅಷ್ಟು ಸಲೀಸಲ್ಲ. ಕಾಗದದ ಮೇಲಿನ ಕ್ಷಮೆ ಕಾಗದದ ಮೇಲಿನ ನೆಲದ ಹಾಗೆ, ಐದು ಸುತ್ತು ಚೆನ್ನಾಗಿಯೇ ಇರುತ್ತದೆ. ಆ ಹುಡುಗಿಗೆ, ಈಗ ಹುಡುಗಿಯಲ್ಲ, ನನ್ನ ವಯಸ್ಸಿನವರೇ ಇರಬೇಕು, ಅವರಿಗೆ ಬರೆದಿರಾ? ನನ್ನದು ಎರಡು ತಿಂಗಳ ಕೆಲಸ ಹೋಯಿತು. ಅವರದ್ದು ಎಷ್ಟು ಹೋಯಿತು ಎಂದು ಲೆಕ್ಕ ಹಾಕುವ ಯೋಗ್ಯತೆ ನಿಮಗಿದೆಯೇ?

ಇಲ್ಲಿಯ ಸುದ್ದಿ ಕೇಳಿ. ನಿರ್ದೇಶಕರು ನನ್ನನ್ನು ಕರೆಸಿದ್ದರು. ತಣ್ಣನೆಯ ಕೋಣೆ, ದೊಡ್ಡ ಮೇಜು, ಕೂರು ಎನ್ನಲಿಲ್ಲ. ಎದುರಿಗಿದ್ದ ಕುರ್ಚಿಯನ್ನು ನಾನೇ ಎಳೆದುಕೊಂಡೆ. “ನೋಡಮ್ಮಾ, ಆಗಿದ್ದಾಯ್ತು. ಮೇ ಹನ್ನೆರಡಕ್ಕೆ ಉದ್ಘಾಟನೆ. ಪೂರ್ತಿ ಒಡೆದು ತೆಗೆದು ಬಿಳಿ ಕಲ್ಲು ಹಾಕಿಬಿಡೋಣ. ಕೆಲಸ ನಿನಗೇ ಕೊಡ್ತೀನಿ. ಆ ನೋಟ್‌ಬುಕ್ ಮಾತ್ರ ಇಲ್ಲಿ ಬಿಟ್ಟುಹೋಗು.”

“ಹಾಕಿರೋ ಆರು ಸುತ್ತಲ್ಲಿ ಏನು ತಪ್ಪಿದೆ ಸಾರ್?” ಅಂದೆ.

“ತಪ್ಪಿಲ್ಲ. ಆದರೆ ನೋಡಿದವರು ಏಳನೇದು ಎಲ್ಲಿ ಅಂತ ಕೇಳ್ತಾರೆ.”

“ಕೇಳಲಿ ಬಿಡಿ. ಕೇಳೋಕೆ ಅಲ್ವಾ ಈ ಸಂಸ್ಥೆ ಇರೋದು?”

ಅವರ ಮುಖ ಕೆಂಪಾಯಿತು. ಇಪ್ಪತ್ತೊಂಬತ್ತನೇ ತಾರೀಕು ಬೆಳಿಗ್ಗೆ ಒಡೆಯುವ ಯಂತ್ರ ಬರುತ್ತದಂತೆ. ಮೀಸೆ ಮೇಸ್ತ್ರಿ, ನಾನು, ಮೈದುನ ಮೂವರೂ ಅಲ್ಲಿರುತ್ತೇವೆ. ತಪ್ಪಿಲ್ಲದ ನೆಲಕ್ಕೆ ಸುತ್ತಿಗೆ ಬೀಳುವುದನ್ನು ನಾನು ನೋಡುವುದಿಲ್ಲ.

ನಿಮಗೆ ನಿಜವಾಗಿ ಏನಾದರೂ ಹೇಳುವುದಿದ್ದರೆ ಬಂದು ಹೇಳಿ.

ರಸಮಟ್ಟ


ಏಪ್ರಿಲ್ 22

ಮೇಸ್ತ್ರಿಗೆ,

ಬರುತ್ತೇನೆ. ಮಗಳು ಬೇಡ ಎಂದಳು. ಡಾಕ್ಟರು ಮಂಡಿಚಿಪ್ಪು ತೋರಿಸಿ ಬೇಡ ಎಂದರು. ಮಂಡಿ ನನ್ನದು ಎಂದೆ. ಇಪ್ಪತ್ತೆಂಟರ ರೈಲಿಗೆ ಟಿಕೆಟ್ ಆಗಿದೆ.

ನನ್ನ ಹೆಸರಿನ ಫಲಕವನ್ನು ಸಭಾಂಗಣಕ್ಕೆ ಹಾಕಕೂಡದೆಂದು ನಿರ್ದೇಶಕರಿಗೆ ಬರೆದೆ. ಅವರು ಎಷ್ಟು ಬೇಗ ಒಪ್ಪಿಕೊಂಡರೆಂದರೆ ಸ್ವಲ್ಪ ನೋವೇ ಆಯಿತು.

ವಿದ್ಯಾರ್ಥಿನಿಯ ವಿಳಾಸ ಹುಡುಕಿ ಬರೆದೆ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳಂತೆ. ನನ್ನದು ಆರು ಪುಟ. ಅವಳದು ಒಂದು ಕಾರ್ಡು: “ನಿಮ್ಮ ಪತ್ರ ಬಂತು. ಅದನ್ನು ಏನು ಮಾಡಬೇಕೋ ಇನ್ನೂ ಗೊತ್ತಿಲ್ಲ. ಆ ಮೇಸ್ತ್ರಿಯ ನೋಟ್‌ಬುಕ್ ನೋಡಬೇಕು. ಅವರ ವಿಳಾಸ ಕೊಡಿ.” ಕೊಟ್ಟಿದ್ದೇನೆ.

ಮೇಷ್ಟ್ರು


ಮೇ 4

ಮೇಸ್ತ್ರಿಗೆ,

ಕ್ಷೇಮವಾಗಿ ಮನೆ ಸೇರಿದೆ. ಮಂಡಿ ಊದಿಕೊಂಡಿದೆ. ಮಗಳು ಮಾತು ಬಿಟ್ಟಿದ್ದಾಳೆ. ಒಟ್ಟಿನಲ್ಲಿ ಸುಖವಾಗಿದ್ದೇನೆ.

ಒಂದು ಉಪಕಾರ ಮಾಡಿ. ಅಂದು ಬೆಳಿಗ್ಗೆ ಒಡೆಯುವ ಯಂತ್ರ ಬಂದಾಗ ನಡುವಿನ ಮೀನಿನ ಮೇಲೆ ಕುಳಿತವನು, ನಿರ್ದೇಶಕರು ಬಾಯಿ ತೆರೆದ ಕೂಡಲೇ ಕಿವಿಯ ಯಂತ್ರ ಕಳಚಿ ಜೇಬಿಗೆ ಹಾಕಿಕೊಂಡೆ. ಅದರ ನಂತರ ನನಗೆ ಕಂಡದ್ದು ಬಾಯಿಗಳು ಮಾತ್ರ. ಯಾರು ಏನೆಂದರು? ಒಂದನ್ನೂ ಬಿಡದೆ ಬರೆಯಿರಿ. ಉದ್ಘಾಟನೆಯ ಸುದ್ದಿಯನ್ನೂ ತಿಳಿಸಿ. ನನಗೆ ಆಹ್ವಾನ ಪತ್ರಿಕೆ ಬಂದಿಲ್ಲ.

ಮೇಷ್ಟ್ರು


ಮೇ 14

ಮೇಷ್ಟ್ರಿಗೆ ನಮಸ್ಕಾರ.

ಹೇಳುತ್ತೇನೆ ಕೇಳಿ, ಅಂದರೆ ಓದಿ.

ನಿರ್ದೇಶಕರು ಮೊದಲು ಮೆತ್ತಗೆ ಅಂದದ್ದು, “ಮೇಷ್ಟ್ರೇ, ಸಂಸ್ಥೆಯ ಮರ್ಯಾದೆ ಪ್ರಶ್ನೆ ಇದು.” ನೀವು ನಕ್ಕಿರಿ. ಅವರು ಜೋರಾಗಿ, “ನಿಮ್ಮ ತಪ್ಪನ್ನ ನಾವೇ ಮುಚ್ಚಿ ಹಾಕ್ತೀವಿ ಅಂದ್ರೂ ಬೇಡ್ವಾ?” ಅಂದರು. ನೀವು ತಲೆ ಆಡಿಸಿದಿರಿ. ಒಪ್ಪಿಕೊಂಡಿರಿ ಎಂದು ತಿಳಿದು ಯಂತ್ರದವನಿಗೆ ಕೈ ಸನ್ನೆ ಮಾಡಿದರು. ನೀವು ಜಾಗ ಬಿಟ್ಟು ಅಲ್ಲಾಡಲಿಲ್ಲ. ಯಂತ್ರದವನು, “ಮುದುಕರ ಸುತ್ತ ನಾನು ಹೊಡೆಯಲ್ಲ ಸ್ವಾಮಿ, ಏನಾದ್ರೂ ಆದ್ರೆ ನೀವು ಬರ್ತೀರಾ ನನ್ನ ಹೆಂಡ್ತಿ ಮಕ್ಕಳನ್ನ ನೋಡ್ಕೊಳ್ಳೋಕೆ?” ಅಂದ. ಅಷ್ಟರಲ್ಲಿ ಮೀಸೆ ಮೇಸ್ತ್ರಿ ಹೋಗಿ ಪ್ಲಗ್ ಕಿತ್ತು ವೈರು ಸುತ್ತಿಕೊಂಡು ಅದರ ಮೇಲೆ ಕೂತ. ಬಾಗಿಲಲ್ಲಿ ಸೇರಿದ್ದ ವಿದ್ಯಾರ್ಥಿಗಳಲ್ಲಿ ಒಬ್ಬಳು ಕೂಗಿದಳು, “ಒಡೆದರೆ ಒಡೆದಿದ್ದನ್ನೂ ಬರೀತೀವಿ ಸರ್, ಫೋಟೋ ಸಮೇತ!” ನಿರ್ದೇಶಕರು ಅಲ್ಲಿಗೆ ತಣ್ಣಗಾದರು. ಹೋಗುವಾಗ ಎಂಜಿನಿಯರಿಗೆ ಅಂದ ಮಾತನ್ನು ಬರೆಯುವುದಿಲ್ಲ. ಅದನ್ನು ಕೇಳದಿದ್ದದ್ದು ನಿಮ್ಮ ಪುಣ್ಯ.

ಕೊನೆಗೆ ಆದ ತೀರ್ಮಾನ ಇದು. ಆರು ಸುತ್ತು ಇದ್ದ ಹಾಗೆ ಇರುವುದು. ಏಳನೆಯದು ಎಲ್ಲಿಗೆ ನಿಂತಿತೋ ಅಲ್ಲಿಗೆ ನಿಲ್ಲುವುದು, ಖಾಲಿ ಜಾಗವನ್ನು ತುಂಬುವ ಹಾಗಿಲ್ಲ. ಅಲ್ಲಿಂದ ಗೋಡೆಯವರೆಗೆ ಬರೀ ಕರಿ ಕಲ್ಲು. ಮೀಸೆ ಮೇಸ್ತ್ರಿಯೂ ನಾನೂ ಜೊತೆಯಾಗಿ ಹಾಕಿದೆವು. ಮೈದುನ ಕತ್ತರಿಸಿದ.

ಇನ್ನು ಉದ್ಘಾಟನೆ. ನಮ್ಮನ್ನೂ ಕರೆದಿರಲಿಲ್ಲ. ನೆಲ ಒರೆಸಿ ಕೊಡುವ ನೆಪದಲ್ಲಿ ಬೆಳಿಗ್ಗೆಯೇ ಹೋಗಿದ್ದೆ. ಕೆಲಸ ಮುಗಿಸಿ ಏಳುವ ಹೊತ್ತಿಗೆ, ಸಣಕಲು ಮೈಯ ಒಬ್ಬ ಹೆಂಗಸು ಹೆಗಲಿಗೆ ಬಟ್ಟೆ ಚೀಲ ಹಾಕಿಕೊಂಡು ಬಂದು ಆ ಖಾಲಿ ಜಾಗದ ಮುಂದೆ ನಿಂತರು. ಆಮೇಲೆ ಬಗ್ಗಿ ಅದರ ಅಂಚಿನ ಮೇಲೆ ಬೆರಳಾಡಿಸಿದರು. ಯಾರೆಂದು ಕೇಳಬೇಕಾಗಲಿಲ್ಲ.

“ನೋಟ್‌ಬುಕ್ ತಂದಿದ್ದೀರಾ?” ಅಂದರು. ಸೊಂಟದಲ್ಲೇ ಇತ್ತು.

ನೆಲದ ಮೇಲೆ ಕೂತು ಕನ್ನಡಕ ಏರಿಸಿ ಓದತೊಡಗಿದರು. ನಿಮ್ಮ ಬಗ್ಗೆ ಒಂದು ಮಾತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ, ಬೇಜಾರಾದರೆ ಆಗಲಿ. ಜನ ಬರತೊಡಗಿದರು. ಕುರ್ಚಿಗಳು ತುಂಬಿದವು. ಅವರು ಪುಟ ಮಗುಚುತ್ತಲೇ ಇದ್ದರು. ಇಪ್ಪತ್ತಾರನೆಯ ದಾರಿಗೆ ಬಂದಾಗ ಬೆರಳು ನಿಂತಿತು.

“ಇಲ್ಲಿ ಇನ್ನೊಂದು ಕವಲಿದೆಯಲ್ಲ. ಮೀನು ಈ ಕಡೆಯಿಂದಲೂ ಬರಬಹುದು.”

ನೋಡಿದೆ. ನಿಜ, ಬರಬಹುದಿತ್ತು! ನನ್ನ ಕಣ್ಣು ತಪ್ಪಿಸಿತ್ತು, ನಿಮ್ಮ ಕಣ್ಣೂ ತಪ್ಪಿಸಿತ್ತು, ನಿಮ್ಮ ಪತ್ರಿಕೆಯವರ ಕಣ್ಣೂ ತಪ್ಪಿಸಿತ್ತು. ಆ ಒಂದು ದಾರಿ ತೆರೆದುಕೊಂಡರೆ ನಿಮ್ಮ ಹಳೆಯ ಮಾತೇ ಸರಿ, ನಾನು ತಪ್ಪು. ನೀವು ಕಳೆದುಕೊಂಡದ್ದೆಲ್ಲ ದಂಡ.

“ರಟ್ಟಿನ ತುಂಡು ಇದೆಯಾ?” ಅಂದರು. ಕೈಚೀಲದಲ್ಲಿದ್ದವನ್ನೆಲ್ಲ ನೆಲಕ್ಕೆ ಸುರಿದೆ. ಇಬ್ಬರೂ ಮೊಣಕಾಲೂರಿ ಜೋಡಿಸತೊಡಗಿದೆವು. ಅವರ ಕೈ ಚುರುಕು. ನಾನು ಒಂದು ಇಡುವುದರೊಳಗೆ ಮುಂದಿನದನ್ನು ಹಿಡಿದಿರುತ್ತಿದ್ದರು.

ಹೊರಗೆ ಕಾರಿನ ಸದ್ದಾಯಿತು. ಮುಖ್ಯ ಅತಿಥಿಗಳು ಬಂದರು ಎಂದು ಎಲ್ಲರೂ ಎದ್ದು ನಿಂತರು. ನಾವಿಬ್ಬರು ಮಾತ್ರ ನಡು ಸಭಾಂಗಣದಲ್ಲಿ ಬಾಗಿಲಿಗೆ ಬೆನ್ನು ಮಾಡಿಕೊಂಡು ಕೂತಿದ್ದೆವು. ನಿರ್ದೇಶಕರು ಬೆವರು ಒರೆಸಿಕೊಳ್ಳುತ್ತ ಓಡಿಬಂದು ಹಲ್ಲು ಕಚ್ಚಿ ಪಿಸುಗುಟ್ಟಿದರು, “ಏಳಿ, ಏಳಿ! ಏಳೀಂದ್ರೆ!”

“ಏಳೇ ಸಾರ್ ಇದು,” ಅಂದೆ. “ಏಳನೇದು ಮುಗಿಯೋ ತನಕ ಏಳಲ್ಲ.”

ಆ ಟೀಚರಮ್ಮ ತಲೆಯೆತ್ತಲಿಲ್ಲ. ಆದರೆ ಭುಜ ಕುಲುಕುತ್ತಿತ್ತು. ನಗುತ್ತಿದ್ದರು.

ಅತಿಥಿಗಳು ನಮ್ಮನ್ನು ಬಳಸಿಕೊಂಡು ವೇದಿಕೆ ಹತ್ತಿದರು. ಭಾಷಣಗಳು ನಮ್ಮ ತಲೆಯ ಮೇಲೆಯೇ ಹಾದುಹೋದವು. ಏನು ಮಾತಾಡಿದರೋ, ನನಗೂ ಅವತ್ತು ಕಿವಿ ಕೇಳಿಸಲಿಲ್ಲ. ಒಂದು ಮೀನು, ಎರಡು ಕೊಡಲಿ, ಮತ್ತೆ ಮೀನು. ಆರು ತುಂಡು ಮುಂದೆ ಹೋಯಿತು, ಏಳು ಹೋಯಿತು. ಹನ್ನೆರಡನೆಯ ತುಂಡಿಗೆ ಕಟ್ಟಿಕೊಂಡಿತು. ಅವರು ಅದನ್ನು ತಿರುಗಿಸಿ ನೋಡಿದರು, ನಾನೂ ತಿರುಗಿಸಿ ನೋಡಿದೆ. ಇಲ್ಲ. ನಲವತ್ತಮೂರು ದಾರಿ, ನಲವತ್ತಮೂರೂ ಮುಚ್ಚಿದವು.

ಅವರು ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರರ ಪಕ್ಕಕ್ಕೆ ಆ ಚಿತ್ರ ಬರೆದು, ಕೆಳಗೆ ತಮ್ಮ ಹೆಸರು ಬರೆದರು. ಅಷ್ಟು ಹೊತ್ತಿಗೆ ವಂದನಾರ್ಪಣೆಯೂ ಮುಗಿದು ಜನ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ನಾವಾಗಿಯೇ ಎದ್ದೆವು.

ರಸಮಟ್ಟ